ಗಣಕಯಂತ್ರದ ಜೀರ್ಣೋದ್ಧಾರ

ಶಾಲೆಗೆ ಗಣಕಯಂತ್ರಗಳನ್ನು ಕೊಡಿಸಿದ ದಾನಿಗಳು ಏಳೆಂಟು ವರ್ಷಗಳ ತರುವಾಯ ಒಮ್ಮೆ ಕಛೇರಿಗೆ ಬಂದರೆ, ಮುಖ್ಯೋಪಾಧ್ಯಾಯರು ಸಂಕೋಚದಿಂದಲೇ ಅವರ ಮುಂದೆ ಇನ್ನೊಂದು ಬೇಡಿಕೆಯನ್ನು ಇಡಬೇಕಾಗುತ್ತದೆ. ಯಂತ್ರಗಳ ವ್ಯವಸ್ಥೆಯನ್ನು ಹೊಸದಾಗಿಸಬೇಕು, ಪತ್ರ ಬರೆಯುವ ಮತ್ತು ಲೆಕ್ಕವಿಡುವ ತಂತ್ರಾಂಶವನ್ನು ಬೇರೆಯಾಗಿ ಕೊಳ್ಳಬೇಕು, ಅದಕ್ಕೆ ಹಣ ಬೇಕು ಎಂದು ಅವರು ಹೇಳುತ್ತಾರೆ. ಆಗ ದಾನಿಗಳು ಸಹಜವಾಗಿಯೇ ಕೇಳುತ್ತಾರೆ: “ಯಂತ್ರಗಳನ್ನೇ ಕೊಡಿಸಿ ಆಯಿತಲ್ಲ! ಅವು ಕೆಟ್ಟಿಲ್ಲ, ನಡೆಯುತ್ತಲೇ ಇವೆ. ಮತ್ತೆ ಹಣವೇಕೆ?”

ಈ ಪ್ರಶ್ನೆ ನ್ಯಾಯವಾದುದು. ದಾನವಾಗಿ ಬಂದ ಪ್ರತಿಯೊಂದು ರೂಪಾಯಿಗೂ ಲೆಕ್ಕ ಹೇಳಬೇಕಾದುದು ಸಂಸ್ಥೆಯ ಧರ್ಮ. ಆದರೆ ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ನಿಂತುಹೋದುದರಿಂದ ಅಸಂಖ್ಯಾತ ಶಾಲೆಗಳೂ ಕಛೇರಿಗಳೂ ಮನೆಗಳೂ ಈ ಪ್ರಶ್ನೆಯನ್ನು ಒಮ್ಮೆಲೇ ಎದುರಿಸಬೇಕಾಯಿತು. ಗಣಕದ ವ್ಯವಸ್ಥೆಯನ್ನು ಏಕೆ ಮತ್ತು ಹೇಗೆ ಹೊಸದಾಗಿಸಬೇಕು, ಕಛೇರಿ ತಂತ್ರಾಂಶವನ್ನು ಏಕೆ ಪ್ರತ್ಯೇಕವಾಗಿ ಪಡೆಯಬೇಕು, ಎಲ್ಲಿ ಹಣ ತೆರಬೇಕು, ಎಲ್ಲಿ ತೆರಬೇಕಾಗಿಲ್ಲ ಎಂಬುದನ್ನು ಶಿಕ್ಷಕ ಮಿತ್ರರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ತಿಳಿಯುವಂತೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಕಟ್ಟಡ, ಮುಖ್ಯೋಪಾಧ್ಯಾಯ, ಶಿಕ್ಷಕ

ಗಣಕವೆಂಬುದು ಹೊರನೋಟಕ್ಕೆ ಒಂದೇ ವಸ್ತುವಾಗಿ ಕಂಡರೂ ವಸ್ತುತಃ ಅದರಲ್ಲಿ ಮೂರು ಪದರಗಳಿವೆ. ಇದನ್ನು ನಮಗೆ ಚಿರಪರಿಚಿತವಾದ ಶಾಲೆಯ ದೃಷ್ಟಾಂತದಿಂದಲೇ ತಿಳಿಯಬಹುದು. ಮೊದಲನೆಯದು ಕಟ್ಟಡ: ಗೋಡೆ, ಕೊಠಡಿ, ಬೆಂಚು, ಕಪ್ಪುಹಲಗೆಗಳು. ಗಣಕದಲ್ಲಿ ಇದಕ್ಕೆ ಸಮನಾದುದು ಯಂತ್ರಾಂಶ, ಅಂದರೆ ಸಂಸ್ಕಾರಕ, ಸ್ಮೃತಿ, ಡಿಸ್ಕ್, ಪರದೆ ಮತ್ತು ಕೀಲಿಮಣೆ. ಎರಡನೆಯದು ಮುಖ್ಯೋಪಾಧ್ಯಾಯರ ಆಡಳಿತ. ಯಾವ ತರಗತಿಗೆ ಯಾವ ಕೊಠಡಿ, ಯಾವ ಗಂಟೆಗೆ ಯಾವ ಪಾಠ, ಬಾಗಿಲಿನಿಂದ ಒಳಗೆ ಬರುವವರು ಯಾರು, ದಾಖಲೆಯ ಕಪಾಟಿನ ಕೀಲಿ ಯಾರ ಕೈಯಲ್ಲಿರಬೇಕು ಎಂಬುದೆಲ್ಲ ಅಲ್ಲಿ ನಿರ್ಧಾರವಾಗುತ್ತದೆ. ಗಣಕದಲ್ಲಿ ಈ ಕೆಲಸವನ್ನು ಮಾಡುವುದು ಕಾರ್ಯಾಚರಣ ವ್ಯವಸ್ಥೆ. ರೂಢಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಎನ್ನುವುದು ಇದನ್ನೇ. ವಿಂಡೋಸ್ ಮತ್ತು ಲಿನಕ್ಸ್ ಈ ವರ್ಗಕ್ಕೆ ಸೇರಿದವು.

ಮೂರನೆಯವರು ಶಿಕ್ಷಕರು. ಗಣಿತವನ್ನು ಹೇಳುವವರು ಒಬ್ಬರು, ಕನ್ನಡವನ್ನು ಹೇಳುವವರು ಇನ್ನೊಬ್ಬರು. ಗಣಕದಲ್ಲಿ ಪತ್ರ ಬರೆಯುವುದಕ್ಕೆ ಒಂದು ತಂತ್ರಾಂಶ, ಅಂಕಪಟ್ಟಿಯ ಕೋಷ್ಟಕಕ್ಕೆ ಇನ್ನೊಂದು, ಭಾಷಣದ ಚಿತ್ರಪಟಗಳಿಗೆ ಮತ್ತೊಂದು. ಈ ಮೂರನ್ನೂ ಕೂಡಿಸಿದ ಗುಚ್ಛವೇ ಕಛೇರಿ ತಂತ್ರಾಂಶ. ಶಾಲೆಗೆ ಹೊಸ ಮುಖ್ಯೋಪಾಧ್ಯಾಯರು ಬಂದ ಮಾತ್ರಕ್ಕೆ ಗಣಿತದ ಶಿಕ್ಷಕರ ಹುದ್ದೆ ತುಂಬಿದಂತಾಗುವುದಿಲ್ಲ. ಅಂತೆಯೇ ವಿಂಡೋಸನ್ನು ಹೊಸದಾಗಿಸಿದರೆ ಆಫೀಸ್ ತಂತ್ರಾಂಶ ತಾನಾಗಿಯೇ ಬಂದಂತಾಗುವುದಿಲ್ಲ. ಬಹುಮಂದಿ ಎಡವುವುದು ಇಲ್ಲಿಯೇ. ಹೊಸ ಯಂತ್ರವನ್ನು ಕೊಂಡಾಗ ಅದರಲ್ಲಿ ಆಫೀಸಿನ ಚಿಹ್ನೆಗಳು ಕಾಣುತ್ತವೆ. ಕೆಲವು ದಿನ ಅದು ಕೆಲಸವನ್ನೂ ಮಾಡುತ್ತದೆ. ಅನಂತರ ಹಣ ತೆರಬೇಕೆಂಬ ಸೂಚನೆ ಬರುತ್ತದೆ. ಅದು ಪರೀಕ್ಷಾರ್ಥವಾಗಿ ಕೊಟ್ಟುದಾಗಿತ್ತೇ ಹೊರತು ಕೊಂಡದ್ದಾಗಿರಲಿಲ್ಲ. ಆದಕಾರಣ ಯಂತ್ರದ ಬೆಲೆಪಟ್ಟಿಯಲ್ಲಿ ಆಫೀಸ್ ಎಂಬುದು ಯಾವ ಹೆಸರಿನಿಂದ, ಎಷ್ಟು ಕಾಲಕ್ಕೆ ನಮೂದಾಗಿದೆ ಎಂಬುದನ್ನು ಕೊಳ್ಳುವ ಮುನ್ನವೇ ಓದಿಕೊಳ್ಳಬೇಕು.

೨. ಬೇರೆ ಬೇರೆಯಾಗಿ ಮಾರುವ ಪದ್ಧತಿ ಬಂದ ಬಗೆ

ತಂತ್ರಾಂಶವನ್ನು ಪ್ರತ್ಯೇಕವಾಗಿ ಮಾರುವ ಪದ್ಧತಿ ಗಣಕದೊಡನೆಯೇ ಹುಟ್ಟಿದ್ದಲ್ಲ. ಐಬಿಎಂ ಸಂಸ್ಥೆಯು ಬಹುಕಾಲ ತನ್ನ ಬೃಹತ್ ಯಂತ್ರಗಳೊಡನೆ ತಂತ್ರಾಂಶವನ್ನೂ ಸೇವೆಯನ್ನೂ ಸೇರಿಸಿಯೇ ಕೊಡುತ್ತಿತ್ತು. ೧೯೬೯ರ ಜೂನ್ ತಿಂಗಳಿನಲ್ಲಿ ಅದು ಇವುಗಳ ಬೆಲೆಯನ್ನು ಬೇರ್ಪಡಿಸುವುದಾಗಿ ಪ್ರಕಟಿಸಿತು. ಅಂದಿನಿಂದ ತಂತ್ರಾಂಶವು ಸ್ವತಂತ್ರವಾದ ಒಂದು ಸರಕಾಗಿ ಬೆಳೆಯಲು ಹಾದಿಯಾಯಿತು. ೧೯೭೮ರಲ್ಲಿ ಬರವಣಿಗೆಗೆ ವರ್ಡ್‌ಸ್ಟಾರ್, ೧೯೭೯ರಲ್ಲಿ ಲೆಕ್ಕದ ಕೋಷ್ಟಕಕ್ಕೆ ವಿಸಿಕ್ಯಾಲ್ಕ್, ೧೯೮೩ರಲ್ಲಿ ಲೋಟಸ್ ೧-೨-೩ ಹೊರಬಂದವು. ಇವುಗಳನ್ನು ಸಿದ್ಧಪಡಿಸಿದವರು ಬೇರೆ, ಯಂತ್ರವನ್ನು ಕಟ್ಟಿದವರು ಬೇರೆ. ೧೯೮೧ರಲ್ಲಿ ಐಬಿಎಂ ತನ್ನ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ಕಾರ್ಯಾಚರಣ ವ್ಯವಸ್ಥೆಯನ್ನು ಒದಗಿಸಿದ್ದು ಮೈಕ್ರೋಸಾಫ್ಟ್. ಅದೇ ಮೈಕ್ರೋಸಾಫ್ಟ್ ಬರವಣಿಗೆ, ಕೋಷ್ಟಕ ಮತ್ತು ಪ್ರಸ್ತುತಿಯ ತಂತ್ರಾಂಶಗಳನ್ನು ಒಂದು ಕಟ್ಟಾಗಿಸಿ ಆಫೀಸ್ ಎಂಬ ಹೆಸರಿನಿಂದ ಮೊದಲು ೧೯೮೯ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗೂ ೧೯೯೦ರಲ್ಲಿ ವಿಂಡೋಸಿಗೂ ತಂದಿತು. ಒಂದೇ ಸಂಸ್ಥೆ ಎರಡನ್ನೂ ಮಾರುತ್ತಿದ್ದರೂ ಅವು ಅಂದೂ ಎರಡು ಸರಕುಗಳಾಗಿದ್ದವು, ಇಂದೂ ಎರಡು ಸರಕುಗಳಾಗಿವೆ. ಎರಡಕ್ಕೂ ಪರವಾನಗಿ ಬೇರೆ, ಆಯುಸ್ಸೂ ಬೇರೆ.

೩. ನಡೆಯುವ ಯಂತ್ರವನ್ನು ಬದಲಿಸುವುದೇಕೆ?

ಕಾರ್ಯಾಚರಣ ವ್ಯವಸ್ಥೆಗೂ ಆಯುಸ್ಸುಂಟು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಬೆಂಬಲ ೨೦೧೪ರ ಏಪ್ರಿಲ್ ೮ರಂದು ನಿಂತಿತು. ೨೦೦೯ರ ವಿಂಡೋಸ್ ೭ರ ಬೆಂಬಲ ೨೦೨೦ರ ಜನವರಿ ೧೪ರಂದು, ೨೦೧೫ರ ವಿಂಡೋಸ್ ೧೦ರ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ನಿಂತವು. ಬೆಂಬಲ ನಿಂತ ಮರುದಿನ ಯಂತ್ರವೇನೂ ನಿಲ್ಲುವುದಿಲ್ಲ. ಎಂದಿನಂತೆ ಪರದೆ ಬೆಳಗುತ್ತದೆ, ಅಂಕಪಟ್ಟಿ ಮುದ್ರಣವಾಗುತ್ತದೆ. ನಿಲ್ಲುವುದು ರಕ್ಷಣೆಯ ತಿದ್ದುಪಡಿಗಳು. ಕೋಟ್ಯಂತರ ಸಾಲುಗಳ ಈ ತಂತ್ರಾಂಶದಲ್ಲಿ ದೋಷಗಳು ಆಗಾಗ ಬೆಳಕಿಗೆ ಬರುತ್ತಲೇ ಇರುತ್ತವೆ. ಬೆಂಬಲವಿರುವ ತನಕ ತಯಾರಕರು ಪ್ರತಿತಿಂಗಳೂ ಅವನ್ನು ಮುಚ್ಚುತ್ತಾರೆ. ಬೆಂಬಲ ಮುಗಿದ ಮೇಲೆ ಕಂಡುಬಂದ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ಮಾಳಿಗೆಯ ಬಿರುಕು ಬೇಸಗೆಯಲ್ಲಿ ಯಾರ ಕಣ್ಣಿಗೂ ಬೀಳದು. ಮಳೆ ಬಂದ ದಿನವೇ ಅದು ತಿಳಿಯುವುದು.

ಅಂಥ ಮಳೆ ೨೦೧೭ರ ಮೇ ೧೨ರಂದು ಸುರಿಯಿತು. ವಾನಾಕ್ರೈ ಎಂಬ ಕುತಂತ್ರಾಂಶವು ವಿಂಡೋಸಿನ ಒಂದು ದೋಷವನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಿ, ಅದರೊಳಗಿನ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಬೇಕಾದರೆ ಹಣ ಕೊಡಿರೆಂದು ಕೇಳಿತು. ನೂರೈವತ್ತಕ್ಕೂ ಹೆಚ್ಚು ದೇಶಗಳಿಗೆ ಅದು ಹಬ್ಬಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ ಸರದಿಗಳನ್ನೇ ರದ್ದುಪಡಿಸಬೇಕಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ದೋಷವನ್ನು ಮುಚ್ಚುವ ತಿದ್ದುಪಡಿ ಎರಡು ತಿಂಗಳ ಮೊದಲೇ, ಮಾರ್ಚ್ ತಿಂಗಳಿನಲ್ಲಿಯೇ, ಹೊರಬಂದಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳು ಉಳಿದವು. ಉದಾಸೀನ ಮಾಡಿದವೂ ಬೆಂಬಲ ತೀರಿದವೂ ತುತ್ತಾದವು. ಶಾಲೆಯ ಗಣಕದಲ್ಲಿರುವುದು ಮಕ್ಕಳ ಜನ್ಮದಿನಾಂಕ, ತಂದೆತಾಯಿಗಳ ವಿಳಾಸ, ಅಂಕಗಳು, ವರ್ಗಾವಣೆ ಪತ್ರದ ದಾಖಲೆಗಳು. ಅವು ನಮ್ಮ ಸ್ವತ್ತಲ್ಲ; ನಮ್ಮನ್ನು ನಂಬಿ ಇರಿಸಿದ ಠೇವಣಿ. ಈ ಠೇವಣಿಯ ರಕ್ಷಣೆಯೇ ವ್ಯವಸ್ಥೆಯನ್ನು ಹೊಸದಾಗಿಸುವುದಕ್ಕೆ ಮುಖ್ಯ ಕಾರಣ.

೪. ಹೊಸ ವ್ಯವಸ್ಥೆಗೆ ಹಳೆಯ ಯಂತ್ರ ಒಗ್ಗುವುದೇ?

೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ನ್ನು, ಪರವಾನಗಿಯುಳ್ಳ ವಿಂಡೋಸ್ ೧೦ ಇರುವ ಮತ್ತು ಅರ್ಹತೆಯುಳ್ಳ ಯಂತ್ರಗಳಿಗೆ ತಯಾರಕರು ಉಚಿತವಾಗಿಯೇ ಕೊಟ್ಟಿದ್ದಾರೆ. ಇಲ್ಲಿ ‘ಅರ್ಹತೆ’ ಎಂಬ ಮಾತೇ ಮುಖ್ಯ. ೬೪ ಬಿಟ್ಟಿನ ಸಂಸ್ಕಾರಕ, ಕನಿಷ್ಠ ೪ ಜಿಬಿ ಸ್ಮೃತಿ, ೬೪ ಜಿಬಿ ಸಂಗ್ರಹಸ್ಥಳ ಇರಬೇಕು, ಟಿಪಿಎಂ ೨.೦ ಎಂಬ ರಕ್ಷಣಾ ಘಟಕವೂ ಸೆಕ್ಯೂರ್ ಬೂಟ್ ಎಂಬ ಸೌಲಭ್ಯವೂ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದು ಅಥವಾ ಅದಕ್ಕಿಂತ ಈಚಿನದು ಆಗಿರಬೇಕು. ಟಿಪಿಎಂ ಘಟಕವು ಯಂತ್ರದ ರಹಸ್ಯ ಕೀಲಿಗಳನ್ನು ಕಾಪಾಡುವ ಒಂದು ಸಣ್ಣ ತಿಜೋರಿಯಿದ್ದಂತೆ. ಅನೇಕ ಯಂತ್ರಗಳಲ್ಲಿ ಅದು ಇದ್ದರೂ ಆರಂಭಿಕ ಸಿದ್ಧತೆಯಲ್ಲಿ ಮುಚ್ಚಲ್ಪಟ್ಟಿರುತ್ತದೆ. ತಿಳಿದವರು ಅದನ್ನು ತೆರೆದರೆ ‘ಅನರ್ಹ’ವೆನಿಸಿದ ಯಂತ್ರ ಅರ್ಹವಾಗುವುದೂ ಉಂಟು. ಆದ್ದರಿಂದ ಯಂತ್ರವನ್ನು ಮೂಲೆಗೆ ಹಾಕುವ ಮೊದಲು ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ಕೊಡುವ ಪಿಸಿ ಹೆಲ್ತ್ ಚೆಕ್ ಎಂಬ ಪರೀಕ್ಷಕ ತಂತ್ರಾಂಶದಿಂದ ಪ್ರತಿಯೊಂದನ್ನೂ ತಪಾಸಣೆ ಮಾಡಬೇಕು.

ಅರ್ಹವಲ್ಲದ ಯಂತ್ರಗಳಿಗೆ ಮೂರು ಹಾದಿಗಳಿವೆ. ಮೊದಲನೆಯದು, ಹಣ ತೆತ್ತು ಕೆಲಕಾಲ ರಕ್ಷಣೆಯ ತಿದ್ದುಪಡಿಗಳನ್ನು ಪಡೆಯುವುದು. ಈ ವಿಸ್ತರಿತ ಬೆಂಬಲಕ್ಕೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರವು ಸಾಮಾನ್ಯ ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ ೬೧ ಡಾಲರು. ವಿದ್ಯಾಸಂಸ್ಥೆಗಳಿಗಾದರೋ ಮೊದಲ ವರ್ಷ ೧, ಎರಡನೆಯ ವರ್ಷ ೨, ಮೂರನೆಯ ವರ್ಷ ೪ ಡಾಲರು ಮಾತ್ರ. ಈ ವ್ಯತ್ಯಾಸ ತಿಳಿಯದೆ ವ್ಯವಹರಿಸಿದರೆ ಶಾಲೆ ಹೆಚ್ಚು ತೆರಬೇಕಾದೀತು. ಇದು ಮೂರು ವರ್ಷಕ್ಕೆ ಮುಗಿಯುವ ತಾತ್ಕಾಲಿಕ ಆಸರೆ ಎಂಬುದನ್ನೂ ಮರೆಯಬಾರದು.

ಎರಡನೆಯ ಹಾದಿ ಲಿನಕ್ಸ್. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಈ ತಿರುಳನ್ನು ಆಧರಿಸಿ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ವ್ಯವಸ್ಥೆಗಳು ಬೆಳೆದಿವೆ. ಅವುಗಳಿಗೆ ಪರವಾನಗಿಯ ಶುಲ್ಕವಿಲ್ಲ. ಹಳೆಯ ಯಂತ್ರಗಳಲ್ಲಿಯೂ ಹಗುರಾಗಿ ನಡೆಯುವ ಬಗೆಗಳಿವೆ. ನೆರೆಯ ಕೇರಳ ರಾಜ್ಯದ ಸರಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಇಂಥ ಮುಕ್ತ ತಂತ್ರಾಂಶದಲ್ಲಿಯೇ ಪಾಠ ನಡೆಯುತ್ತಿರುವುದು ಈ ಹಾದಿ ಸಾಧ್ಯವೆಂಬುದಕ್ಕೆ ನಿದರ್ಶನ. ಆದರೆ ವಿಂಡೋಸಿಗೆಂದೇ ರಚಿಸಿದ ಲೆಕ್ಕಪತ್ರದ ತಂತ್ರಾಂಶ ಕಛೇರಿಯಲ್ಲಿದ್ದರೆ ಅದು ಇಲ್ಲಿ ನಡೆಯದಿರಬಹುದು. ಶಿಕ್ಷಕರಿಗೂ ಕೆಲವು ದಿನಗಳ ಅಭ್ಯಾಸ ಬೇಕು. ಮಕ್ಕಳ ಕಲಿಕೆಯ ಕೊಠಡಿಗೆ ಈ ಹಾದಿ ಹೆಚ್ಚು ಒಪ್ಪುತ್ತದೆ. ಮೂರನೆಯದು ಹೊಸ ಯಂತ್ರವನ್ನೇ ಕೊಳ್ಳುವುದು. ಮೊದಲಿನ ಎರಡೂ ಸಾಲದಾದಾಗ ಮಾತ್ರ ಇದಕ್ಕೆ ಕೈಹಾಕಬೇಕು.

೫. ಪರವಾನಗಿಯ ವಿಚಾರ

ವಿಂಡೋಸ್ ಪರವಾನಗಿ ಮುಖ್ಯವಾಗಿ ಎರಡು ಬಗೆಯದು. ಯಂತ್ರದೊಡನೆ ತಯಾರಕರು ಹಾಕಿಕೊಟ್ಟದ್ದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಯಂತ್ರ ಸತ್ತರೆ ಪರವಾನಗಿಯೂ ಅದರೊಡನೆ ಹೋಗುತ್ತದೆ. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡದ್ದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಇವಲ್ಲದೆ ದೊಡ್ಡ ಸಂಸ್ಥೆಗಳು ಸಗಟಾಗಿ ಪಡೆಯುವ ಪರವಾನಗಿಗಳೂ ಉಂಟು. ನಮ್ಮ ಹಳೆಯ ವಿದ್ಯಾರ್ಥಿಗಳು ತಾವು ದುಡಿಯುವ ಸಂಸ್ಥೆಗಳಿಂದ ಬಳಸಿದ ಯಂತ್ರಗಳನ್ನು ಶಾಲೆಗೆ ಕೊಡಿಸುವಾಗ ಈ ಅಂಶವನ್ನು ಗಮನಿಸಬೇಕೆಂದು ಕೋರುತ್ತೇನೆ. ಸಗಟು ಪರವಾನಗಿ ಸಾಮಾನ್ಯವಾಗಿ ಯಂತ್ರದೊಡನೆ ಬರುವುದಿಲ್ಲ. ಯಂತ್ರದೊಡನೆ ಯಾವ ಪರವಾನಗಿ ಬರುತ್ತದೆಂಬುದನ್ನು ಬರವಣಿಗೆಯಲ್ಲಿ ಪಡೆದುಕೊಟ್ಟರೆ ಆ ದಾನ ಪೂರ್ಣವಾಗುತ್ತದೆ.

ಪರವಾನಗಿಯಿಲ್ಲದ ನಕಲನ್ನು ಹಾಕಿಸಿಕೊಳ್ಳುವ ಚಾಳಿಯ ಬಗ್ಗೆ ಎರಡು ಮಾತು. “ಎಲ್ಲರೂ ಹಾಗೆಯೇ ಮಾಡುತ್ತಾರೆ” ಎಂಬುದು ಸಮಾಧಾನವಲ್ಲ. ೧೯೫೭ರ ಭಾರತದ ಕೃತಿಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗಣಕದ ತಂತ್ರಾಂಶವೂ ಸಾಹಿತ್ಯಕೃತಿಯ ಸಾಲಿಗೆ ಸೇರಿದೆ. ಅದೇ ಕಾಯಿದೆಯ ೬೩-ಬಿ ಕಲಮಿನಂತೆ, ಅಕ್ರಮ ನಕಲೆಂದು ಅರಿತೂ ಬಳಸುವುದು ಶಿಕ್ಷಾರ್ಹ ಅಪರಾಧ. ಅದಕ್ಕಿಂತ ಮಿಗಿಲಾಗಿ, ಕಳ್ಳನಕಲನ್ನು ನಡೆಸಲು ಹಾಕುವ ಉಪತಂತ್ರಗಳೇ ಅನೇಕ ವೇಳೆ ವೈರಸ್ಸುಗಳ ಹೆಬ್ಬಾಗಿಲಾಗಿರುತ್ತವೆ. ಪರೀಕ್ಷೆಯಲ್ಲಿ ನಕಲು ಮಾಡಬಾರದೆಂದು ಮಕ್ಕಳಿಗೆ ಹೇಳುವ ಕೊಠಡಿಯಲ್ಲಿಯೇ ನಕಲು ತಂತ್ರಾಂಶ ನಡೆಯುತ್ತಿದ್ದರೆ ಆ ಪಾಠಕ್ಕೆ ಬೆಲೆಯೆಲ್ಲಿ? ಹಣವಿಲ್ಲದಿದ್ದರೆ ಧರ್ಮದ ಹಾದಿ ಬೇರೆ ಇದೆ. ಅದನ್ನು ಮುಂದೆ ಹೇಳಿದೆ.

೬. ಕಛೇರಿ ತಂತ್ರಾಂಶ: ಮೂರು ಬಗೆ

ಮೊದಲನೆಯ ಬಗೆ, ಒಂದೇ ಸಲ ಹಣ ತೆತ್ತು ಕೊಳ್ಳುವುದು. ೨೦೨೪ರ ಅಕ್ಟೋಬರಿನಲ್ಲಿ ಬಂದ ಆಫೀಸ್ ೨೦೨೪ ಇಂಥದು. ಇದನ್ನು ಕೊಂಡವರು ಎಷ್ಟು ಕಾಲವಾದರೂ ಬಳಸಬಹುದು. ಆದರೆ ಇದರ ರಕ್ಷಣೆಯ ತಿದ್ದುಪಡಿಗಳು ೨೦೨೯ರ ಅಕ್ಟೋಬರ್ ೯ಕ್ಕೆ ಮುಗಿಯುತ್ತವೆ, ಮುಂದಿನ ಆವೃತ್ತಿ ಉಚಿತವಾಗಿ ಬರುವುದಿಲ್ಲ. ಆಫೀಸ್ ೨೦೧೬ ಮತ್ತು ೨೦೧೯ರ ಬೆಂಬಲವು ವಿಂಡೋಸ್ ೧೦ರ ಜೊತೆಯಲ್ಲಿಯೇ, ೨೦೨೫ರ ಅಕ್ಟೋಬರ್ ೧೪ರಂದೇ ನಿಂತಿತು. ಆಫೀಸ್ ೨೦೨೧ಕ್ಕೆ ಗೊತ್ತುಪಡಿಸಿದ ಕೊನೆಯ ದಿನ ೨೦೨೬ರ ಅಕ್ಟೋಬರ್ ೧೩. ಇವುಗಳನ್ನು ಅಗ್ಗಕ್ಕೆ ಸಿಗುತ್ತವೆಂದು ಈಗ ಕೊಳ್ಳುವುದು ಹಳೆಯ ಪಂಚಾಂಗವನ್ನು ಕೊಂಡಂತೆ.

ಎರಡನೆಯ ಬಗೆ ಚಂದಾ ಪದ್ಧತಿ. ಮೈಕ್ರೋಸಾಫ್ಟ್ ೩೬೫ ಎಂಬುದು ಇದು. ಚಂದಾ ಸಲ್ಲಿಸುತ್ತಿರುವ ತನಕ ಸದಾ ಹೊಸ ಆವೃತ್ತಿ ದೊರೆಯುತ್ತದೆ. ಚಂದಾ ನಿಂತರೆ ಬರೆದ ಕಡತಗಳು ನಾಶವಾಗುವುದಿಲ್ಲ. ಅವನ್ನು ಓದಬಹುದು, ತಿದ್ದಲಾಗುವುದಿಲ್ಲ. ಅರ್ಹ ವಿದ್ಯಾಸಂಸ್ಥೆಗಳಿಗೆ ಅಂತರಜಾಲದ ಮೂಲಕವೇ ಬಳಸುವ ರೂಪವನ್ನು ಎ೧ ಯೋಜನೆಯಲ್ಲಿ ಶುಲ್ಕವಿಲ್ಲದೆ ಒದಗಿಸಲಾಗಿದೆ. ಶಾಲೆಯು ಹಣ ತೆರುವ ಮುನ್ನ ಈ ಅರ್ಹತೆಗಾಗಿ ಅರ್ಜಿ ಸಲ್ಲಿಸುವುದು ವಿವೇಕ.

ಮೂರನೆಯ ಬಗೆ ಮುಕ್ತ ತಂತ್ರಾಂಶ. ಮೇಲೆ ಹೇಳಿದ ಧರ್ಮದ ಹಾದಿ ಇದೇ. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್‌ಆಫೀಸನ್ನು ೧೯೯೯ರಲ್ಲಿ ಸನ್ ಸಂಸ್ಥೆ ಕೊಂಡು, ಮರುವರ್ಷ ಅದರ ಮೂಲವನ್ನು ಸಾರ್ವಜನಿಕರಿಗೆ ತೆರೆಯಿತು. ಅದರಿಂದ ಓಪನ್‌ಆಫೀಸ್, ಅದರಿಂದ ಕವಲೊಡೆದು ೨೦೧೦ರಲ್ಲಿ ಲಿಬ್ರೆಆಫೀಸ್ ರೂಪುಗೊಂಡವು. ಬರವಣಿಗೆಗೆ ರೈಟರ್, ಕೋಷ್ಟಕಕ್ಕೆ ಕ್ಯಾಲ್ಕ್, ಪ್ರಸ್ತುತಿಗೆ ಇಂಪ್ರೆಸ್ ಎಂಬ ಅಂಗಗಳು ಅದರಲ್ಲಿವೆ. ಅದು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ನಡೆಯುತ್ತದೆ, ಎಷ್ಟು ಯಂತ್ರಗಳಿಗಾದರೂ ಹಾಕಿಕೊಳ್ಳಬಹುದು. ಅದರ ಕಡತದ ಸ್ವರೂಪವಾದ ಓಡಿಎಫ್ ೨೦೦೬ರಿಂದ ಅಂತರರಾಷ್ಟ್ರೀಯ ಮಾನಕವೆಂದು ಮಾನ್ಯವಾಗಿದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನೂ ಅದು ತೆರೆಯುತ್ತದೆ. ಆದರೆ ಜಟಿಲವಾದ ಪುಟವಿನ್ಯಾಸವೂ ಮ್ಯಾಕ್ರೋ ಎಂಬ ಸ್ವಯಂಚಲ ಸೂತ್ರಗಳೂ ಅಲ್ಲಲ್ಲಿ ಕೈಕೊಡಬಹುದು. ಸಾಮಾನ್ಯ ಪತ್ರ, ಸುತ್ತೋಲೆ, ಪ್ರಶ್ನೆಪತ್ರಿಕೆ, ಕಿರ್ದಿ ಮತ್ತು ಅಂಕಪಟ್ಟಿಗೆ ಇದು ಸಾಕು ಎಂಬುದು ನನ್ನ ಅನುಭವ. ಹೊರಗಿನವರೊಡನೆ ಕಡತಗಳನ್ನು ಹಂಚಿಕೊಂಡು ತಿದ್ದಬೇಕಾದ ಒಂದೆರಡು ಯಂತ್ರಗಳಿಗೆ ಮಾತ್ರ ಹಣ ಕೊಟ್ಟು ಆಫೀಸ್ ತಂದು, ಮಿಕ್ಕವುಗಳಿಗೆ ಲಿಬ್ರೆಆಫೀಸ್ ಹಾಕಿದರೆ ವೆಚ್ಚವು ಬಹುಪಾಲು ಇಳಿಯುತ್ತದೆ.

೭. ನಮ್ಮ ಕನ್ನಡ ಕಡತಗಳು

ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕನ್ನಡ ಲಿಪಿಗೆ ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ ವಿಂಡೋಸಿನಲ್ಲಿ ಅದಕ್ಕೆ ಆಸರೆ ಬಂದುದು ಎಕ್ಸ್‌ಪಿಯ ತುಂಗಾ ಅಕ್ಷರಮಾಲೆಯೊಡನೆ. ಅಲ್ಲಿಯ ತನಕ, ಅದರ ನಂತರವೂ ಬಹುಕಾಲ, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟುಗಳಿಂದ ಕೆಲಸ ನಡೆಯಿತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಇಂದಿಗೂ ನಮ್ಮ ಬೆರಳುಗಳು ಬಲ್ಲವು. ಆದರೆ ಆ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಅವು ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ನಾನು ಹಿಂದೆ ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ಇದು ನನಗೇ ಪಾಠವಾಯಿತು. ಯಂತ್ರ ನಿಧಾನವಾಯಿತೆಂದು ಒಂದು ಸಂಜೆ ಅವಸರದಿಂದ ಎಲ್ಲವನ್ನೂ ಅಳಿಸಿ ಹೊಸ ವ್ಯವಸ್ಥೆಯನ್ನು ಹಾಕಿಸಿದೆನು. ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡಿದ್ದೆ. ಫಾಂಟುಗಳ ನೆನಪು ಬರಲಿಲ್ಲ. ಮರುದಿನ ಹಳೆಯ ವಿದ್ಯಾರ್ಥಿಯೊಬ್ಬ ನೌಕರಿಯ ಸಲುವಾಗಿ ವ್ಯಾಸಂಗ ಪ್ರಮಾಣಪತ್ರ ಕೇಳಿಕೊಂಡು ದೂರದ ಊರಿನಿಂದ ಬಂದ. ಪರದೆಯ ಮೇಲೆ ಅವನ ಹೆಸರಿರಲಿಲ್ಲ, ಅವನ ಗೆಳೆಯರ ಹೆಸರೂ ಇರಲಿಲ್ಲ, ಗೊಂದಲದ ಚಿಹ್ನೆಗಳಿದ್ದವು. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಹಳೆಯ ದಾಖಲಾತಿ ರಜಿಸ್ಟರು ಅಂದು ನಮ್ಮ ಮಾನ ಉಳಿಸಿತು. ಅದೇ ಫಾಂಟನ್ನು ಹುಡುಕಿ ಹಾಕಿದ ಮೇಲೆ ಕಡತಗಳು ಮತ್ತೆ ಕನ್ನಡವಾದವು. ಆ ಮೇಲೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಲು ಒಂದು ಬೇಸಗೆಯ ರಜೆ ಹಿಡಿಯಿತು. ವ್ಯವಸ್ಥೆಯನ್ನು ಬದಲಿಸುವ ಮೊದಲೇ ಈ ಪರಿವರ್ತನೆ ನಡೆಯಬೇಕು; ಪರಿವರ್ತಿತ ಪ್ರತಿಯಲ್ಲಿ ಒತ್ತಕ್ಷರಗಳನ್ನೂ ಅಂಕೆಗಳನ್ನೂ ಮೂಲದೊಡನೆ ತಾಳೆನೋಡಬೇಕು.

೮. ಕೆಲಸದ ಅನುಕ್ರಮ

ಮೇಲಿನ ವಿವೇಚನೆಯಿಂದ ಹೊರಡುವ ಕ್ರಮವು ಹೀಗಿದೆ:

(೧) ಪ್ರತಿಯೊಂದು ಯಂತ್ರದ ವರ್ಷ, ಸಂಸ್ಕಾರಕ, ಸ್ಮೃತಿ, ವ್ಯವಸ್ಥೆ ಮತ್ತು ಪರವಾನಗಿಯನ್ನು ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು.

(೨) ಕಡತಗಳಿಗೂ ಫಾಂಟುಗಳಿಗೂ ಎರಡು ನಕಲು ಪ್ರತಿಗಳನ್ನು ಮಾಡಬೇಕು. ಒಂದು ಪ್ರತಿ ಕಛೇರಿಯಿಂದ ಹೊರಗಿರಬೇಕು. ನಕಲು ತೆರೆಯುವುದೇ ಎಂಬುದನ್ನು ಬೇರೆ ಯಂತ್ರದಲ್ಲಿ ನೋಡಬೇಕು.

(೩) ಪರೀಕ್ಷೆಯ ಮತ್ತು ದಾಖಲಾತಿಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

(೪) ಮೊದಲು ಒಂದೇ ಯಂತ್ರದಲ್ಲಿ ಮಾಡಿ, ಮುದ್ರಕ, ಕೀಲಿಮಣೆ ಮತ್ತು ಲೆಕ್ಕದ ತಂತ್ರಾಂಶ ಸರಿಯಾಗಿ ನಡೆಯುವುವೇ ಎಂದು ಪರೀಕ್ಷಿಸಬೇಕು. ವಿಂಡೋಸ್ ೧೦ರಿಂದ ೧೧ಕ್ಕೆ ಏರಿದ ಮೇಲೆ ಹಳೆಯದಕ್ಕೆ ಮರಳುವ ಅವಕಾಶ ಸಾಮಾನ್ಯವಾಗಿ ಹತ್ತು ದಿನ ಮಾತ್ರ.

(೫) ಯಂತ್ರ ನಿಧಾನವೆಂದಾದರೆ ಹಳೆಯ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿ ನೋಡಬೇಕು. ಬಹಳಷ್ಟು ಯಂತ್ರಗಳಿಗೆ ಇದೇ ಪುನರ್ಜನ್ಮ.

(೬) ವ್ಯವಸ್ಥೆ ನೆಲೆನಿಂತ ಮೇಲೆಯೇ ಕಛೇರಿ ತಂತ್ರಾಂಶವನ್ನು ಹಾಕಬೇಕು. ಅದರ ರಸೀದಿ, ಕೀಲಿಸಂಖ್ಯೆ ಮತ್ತು ಬೆಂಬಲ ಮುಗಿಯುವ ದಿನಾಂಕವು ದಾಸ್ತಾನು ಪುಸ್ತಕದಲ್ಲಿರಬೇಕು. ಒಬ್ಬ ನೌಕರರ ಸ್ವಂತ ಖಾತೆಯ ಹೆಸರಿನಲ್ಲಿ ಇರಕೂಡದು.

೯. ದಾನಿಗಳ ಪ್ರಶ್ನೆಗೆ ಉತ್ತರ

ಈಗ ಆರಂಭದ ಪ್ರಶ್ನೆಗೆ ಮರಳೋಣ. ಯಂತ್ರವನ್ನು ಕೊಡಿಸಿದ ಮೇಲೆ ಮತ್ತೆ ಹಣವೇಕೆ? ಬಾವಿಯನ್ನು ತೋಡಿಸಿದವರು ಹೂಳೆತ್ತುವುದಕ್ಕೂ ಏರ್ಪಾಡು ಮಾಡುತ್ತಿದ್ದರು. ಗುಡಿಯನ್ನು ಕಟ್ಟಿಸಿದವರು ದೀಪದೆಣ್ಣೆಗೆ ಭೂಮಿ ಬಿಡುತ್ತಿದ್ದರು. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಗಣಕವನ್ನು ಕೊಡುವುದು ಬಾವಿಯನ್ನು ತೋಡಿಸಿದಂತೆ. ಅದರ ವ್ಯವಸ್ಥೆಯನ್ನು ಕಾಲಕಾಲಕ್ಕೆ ಹೊಸದಾಗಿಸುವುದು ಹೂಳೆತ್ತಿದಂತೆ. ಎರಡನೆಯದಕ್ಕೆ ಫಲಕದ ಮೇಲೆ ಹೆಸರು ಬರುವುದಿಲ್ಲವಾದರೂ ನೀರು ನಿಲ್ಲುವುದು ಅದರಿಂದಲೇ.

ಆದರೆ ಕೇಳುವವರಿಗೂ ಒಂದು ಹೊಣೆಯುಂಟು. ಉಚಿತವಾಗಿ ಆಗುವ ಏರಿಕೆಗೆ ಹಣ ಕೇಳಬಾರದು. ಮುಕ್ತ ತಂತ್ರಾಂಶ ಸಾಕಾಗುವೆಡೆ ದುಬಾರಿಯದನ್ನು ಕೊಳ್ಳಬಾರದು. ಅರ್ಹ ಯಂತ್ರವನ್ನು ತಪಾಸಣೆಯಿಲ್ಲದೆ ಗುಜರಿಗೆ ಹಾಕಬಾರದು. ಇಷ್ಟನ್ನು ನೋಡಿಕೊಂಡು, ಉಳಿದ ಅಗತ್ಯವನ್ನು ಪಟ್ಟಿಮಾಡಿ, ಮುಂದಿನ ಬೆಂಬಲ ಮುಗಿಯುವ ದಿನಾಂಕಗಳನ್ನೂ ಅದರಲ್ಲಿ ಕಾಣಿಸಿ ದಾನಿಗಳ ಮುಂದಿಟ್ಟರೆ, ಆಗ ಮುಖ್ಯೋಪಾಧ್ಯಾಯರು ಸಂಕೋಚಪಡಬೇಕಾದ ಕಾರಣವಿಲ್ಲ, ದಾನಿಗಳು ಸಂಶಯಪಡಬೇಕಾದ ಕಾರಣವೂ ಇಲ್ಲ. ಇಪ್ಪತ್ತು ವರ್ಷಗಳ ಮೇಲೆ ಯಾವನೋ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ದಾಖಲೆಯನ್ನು ಕೇಳಿಕೊಂಡು ಕಛೇರಿಯ ಬಾಗಿಲಿಗೆ ಬಂದಾಗ, ಪರದೆಯ ಮೇಲೆ ಅವನ ಹೆಸರು ಅಚ್ಚ ಕನ್ನಡದಲ್ಲಿ, ತಪ್ಪಿಲ್ಲದೆ ಮೂಡಿಬಂದರೆ ಸಾಕು. ನಾವು ಮಾಡಿದ ವೆಚ್ಚವೂ ಪಟ್ಟ ಶ್ರಮವೂ ಸಾರ್ಥಕ.